ಒತ್ತಡ ನಿಭಾಯಿಸುವುದನ್ನು ತರಗತಿಯಲ್ಲಿ ಕಲಿಸುವ ಬಗೆ

ಮಾನ್ಯರೇ,

ಇಲ್ಲಿ ಸೇರಿರುವವರಲ್ಲಿ ಹೆಚ್ಚಿನವರು ವಯಸ್ಕರಿಗೆ ಏನನ್ನಾದರೂ ಕಲಿಸುವ ಕೆಲಸದಲ್ಲಿರುವವರು: ಸಾಕ್ಷರತಾ ಕೇಂದ್ರಗಳ ಬೋಧಕರು, ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೇಲ್ವಿಚಾರಕರು, ಸ್ವಸಹಾಯ ಸಂಘಗಳ ಪ್ರತಿನಿಧಿಗಳು, ಆಶಾ ಕಾರ್ಯಕರ್ತೆಯರು. ಆದ್ದರಿಂದ ಒತ್ತಡವೆಂದರೆ ಏನು, ಅದರಿಂದ ಎಷ್ಟು ಕೆಡುಕು ಎಂಬ ಪೀಠಿಕೆಗೆ ಹೆಚ್ಚು ಹೊತ್ತು ಕೊಡುವುದಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟು: ಒತ್ತಡವನ್ನು ನಿಭಾಯಿಸುವುದು ಕಲಿಯಬಹುದಾದ, ಕಲಿಸಬಹುದಾದ ಕೌಶಲ, ಅದನ್ನು ಆಸ್ಪತ್ರೆಯ ಕೋಣೆಯಿಂದ ಹೊರಗೆ ತಂದು ಪಾಠದ ರೂಪದಲ್ಲಿ ಕೊಟ್ಟಾಗ, ಮನೋವೈದ್ಯರ ಬಾಗಿಲಿಗೆ ಎಂದೂ ಹೋಗದವರೂ ಬಂದು ಕೂರುತ್ತಾರೆ, ಆದರೆ ಆ ಪಾಠ ಫಲ ಕೊಡುವುದೂ ಕೊಡದಿರುವುದೂ ಯಾರು ಕಲಿಸುತ್ತಾರೆ, ಎಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ವಾರ ಎಂಬ ಸಣ್ಣ ಸಂಗತಿಗಳ ಮೇಲೆ ನಿಂತಿದೆ.

ವೇದಿಕೆ, ಧ್ವನಿವರ್ಧಕ, ಹೂಗುಚ್ಛ, ಒಂದು ಗಂಟೆಯ ಭಾಷಣ, ಕೊನೆಗೆ ವಂದನಾರ್ಪಣೆ ಇರುವ ಕಾರ್ಯಕ್ರಮದಿಂದ ಯಾರ ಒತ್ತಡವೂ ಇಳಿಯುವುದಿಲ್ಲ. ಇಂದಿನ ಈ ಉಪನ್ಯಾಸಕ್ಕೂ ಆ ಮಾತು ಅನ್ವಯಿಸುತ್ತದೆ. ‘ಒತ್ತಡ ನಿರ್ವಹಣಾ ಕಾರ್ಯಾಗಾರ’ ಎಂಬ ಹೆಸರಿನಲ್ಲಿ ನಮ್ಮಲ್ಲಿ ನಡೆಯುವ ಕಾರ್ಯಕ್ರಮಗಳಲ್ಲಿ ಬಹುಪಾಲು ಇಂಥವೇ ಆಗಿರುವುದನ್ನು ನೋಡಿದ್ದೇನೆ. ಹೊಲಿಗೆ ಯಂತ್ರದ ಬಗ್ಗೆ ಎಷ್ಟು ಚೆನ್ನಾಗಿ ವಿವರಿಸಿದರೂ ಕೇಳಿದವರಿಗೆ ಹೊಲಿಯಲು ಬರುವುದಿಲ್ಲ. ಬಟ್ಟೆ ಕೈಗೆ ಕೊಟ್ಟು, ಒಂದೆರಡು ಬಾರಿ ಸೊಟ್ಟ ಹೊಲಿಗೆ ಬಿದ್ದು, ಮುಂದಿನ ವಾರ ಮತ್ತೆ ಕೂತಾಗಲೇ ಕೈ ಪಳಗುತ್ತದೆ. ಉಸಿರನ್ನು ನಿಧಾನಗೊಳಿಸುವುದಾಗಲಿ, ಚಿಂತೆಯ ಸುಳಿಯಿಂದ ಹೊರಬರುವುದಾಗಲಿ ಇದಕ್ಕಿಂತ ಬೇರೆಯಲ್ಲ.

ಇದರ ಅಗತ್ಯ ಎಷ್ಟು ದೊಡ್ಡದು ಎನ್ನುವುದಕ್ಕೆ ಒಂದು ಅಂದಾಜು ನಮ್ಮ ಬಳಿ ಇದೆ. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು, ಆ ಸಮಯದಲ್ಲಿ ಯಾವುದಾದರೊಂದು ಮಾನಸಿಕ ಅಸ್ವಸ್ಥತೆಯಿಂದ ಬಳಲುತ್ತಿದ್ದ ವಯಸ್ಕರು ನೂರಕ್ಕೆ ಹತ್ತಕ್ಕಿಂತ ತುಸು ಹೆಚ್ಚು ಎಂದು ಕಂಡುಕೊಂಡಿತು. ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆಗಳಿದ್ದವರಲ್ಲಿ ಸುಮಾರು ಶೇ. 85ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇದು ಅಸ್ವಸ್ಥತೆ ಎಂದು ಗುರುತಿಸಬಹುದಾದವರ ಲೆಕ್ಕ ಮಾತ್ರ. ರಾತ್ರಿ ನಿದ್ದೆ ಹತ್ತದವರು, ಕಂತು ಕಟ್ಟುವ ದಿನ ಹತ್ತಿರವಾದಂತೆ ಎದೆ ಡವಗುಟ್ಟುವವರು, ಹಾಸಿಗೆ ಹಿಡಿದ ಅತ್ತೆಯನ್ನೂ ಶಾಲೆಗೆ ಹೋಗುವ ಮಗುವನ್ನೂ ಒಬ್ಬಳೇ ನೋಡಿಕೊಳ್ಳುವ ಸೊಸೆ, ಇವರೆಲ್ಲ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಇವರಿಗೆ ಮಾತ್ರೆ ಬೇಕಿಲ್ಲ. ಆದರೆ ಏನೂ ಬೇಕಿಲ್ಲವೆಂದೂ ಅಲ್ಲ.

ಸಮುದಾಯದ ನಡುವೆಯೇ ಮಾನಸಿಕ ಆರೋಗ್ಯದ ಕೆಲಸ ಮಾಡಬೇಕೆಂಬ ಯೋಚನೆ ಕರ್ನಾಟಕಕ್ಕೆ ಹೊಸದಲ್ಲ. 1970ರ ದಶಕದ ಮಧ್ಯಭಾಗದಲ್ಲಿಯೇ ನಿಮ್ಹಾನ್ಸ್ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರವನ್ನು ತೆರೆದು, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಎಷ್ಟನ್ನು, ಹೇಗೆ ಕಲಿಸಿದರೆ ಅವರು ಈ ಕೆಲಸ ಮಾಡಬಲ್ಲರು ಎಂಬುದನ್ನು ಪರೀಕ್ಷಿಸಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಅಗತ್ಯ ಔಷಧಿಗಳನ್ನು ಅಲ್ಲಿಗೇ ಪೂರೈಸಿದ ಪ್ರಯೋಗವು ದೇಶಕ್ಕೇ ಮಾದರಿಯಾಗಿ, 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಇದು ಹೆಮ್ಮೆಪಡಬೇಕಾದ ಚರಿತ್ರೆ. ಆದರೂ ಬಳ್ಳಾರಿ ಮಾದರಿ ಜನರ ಹತ್ತಿರಕ್ಕೆ ತಂದದ್ದು ಮುಖ್ಯವಾಗಿ ಚಿಕಿತ್ಸೆಯನ್ನು. ಕಾಯಿಲೆ ಬೀಳುವ ಮುನ್ನ ಜನರಿಗೆ ಕೊಡಬೇಕಾದ ಶಿಕ್ಷಣ ಮಾತ್ರ ಭಿತ್ತಿಪತ್ರ, ಜಾಥಾ, ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದ ಭಾಷಣ ಇವುಗಳಿಂದ ಮುಂದೆ ಹೆಚ್ಚು ಸಾಗಲಿಲ್ಲವೆಂಬುದು ನನ್ನ ಅಭಿಪ್ರಾಯ. ಆ ಕಡೆಯ ಕೆಲಸವನ್ನು ಬೇರೆಯವರು ಹೇಗೆ ಮಾಡಿದ್ದಾರೆಂದು ತಿಳಿಯಲು ಎರಡು ಉದಾಹರಣೆಗಳನ್ನು ತೆಗೆದುಕೊಳ್ಳುತ್ತೇನೆ.

ಮೊದಲನೆಯದು ಸ್ಕಾಟ್ಲೆಂಡಿನದು. ಗ್ಲಾಸ್ಗೋ ಪ್ರದೇಶದಲ್ಲಿ ಕೆಲಸ ಮಾಡುತ್ತಿದ್ದ ಜಿಮ್ ವೈಟ್ ಎಂಬ ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಆತಂಕದಿಂದ ಬಳಲುವವರ ಸಂಖ್ಯೆ ಬೆಳೆಯುತ್ತಿದ್ದು ಒಬ್ಬೊಬ್ಬರನ್ನೇ ಕೂರಿಸಿ ಮಾತನಾಡುವ ಪದ್ಧತಿಯಿಂದ ಅವರೆಲ್ಲರನ್ನು ಮುಟ್ಟುವುದು ಸಾಧ್ಯವಿಲ್ಲವೆಂದು ಅರಿತು, ‘ಸ್ಟ್ರೆಸ್ ಕಂಟ್ರೋಲ್’ ಎಂಬ ಹೆಸರಿನ ತರಗತಿಯನ್ನು ರೂಪಿಸಿದರು. ಇದರ ಮೊದಲ ಪ್ರಮುಖ ಅಧ್ಯಯನ 1992ರಲ್ಲಿ ಪ್ರಕಟವಾಯಿತು. ಇಂದು ಬ್ರಿಟನ್ ಮತ್ತು ಐರ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಗಳು ಇದನ್ನು ಉಚಿತವಾಗಿ ನಡೆಸುತ್ತವೆ. ವಾರಕ್ಕೊಂದರಂತೆ ಆರು ತರಗತಿಗಳು. ಸ್ಥಳ ಸಾಮಾನ್ಯವಾಗಿ ಗ್ರಂಥಾಲಯ ಅಥವಾ ಬಡಾವಣೆಯ ಸಭಾಂಗಣ. ಒಮ್ಮೊಮ್ಮೆ ನೂರು ಜನರೂ ಇರಬಹುದು. ದೇಹವನ್ನು ಹತೋಟಿಗೆ ತರುವುದು, ಯೋಚನೆಯನ್ನು ಹತೋಟಿಗೆ ತರುವುದು, ಹೆದರಿ ತಪ್ಪಿಸಿಕೊಳ್ಳುವ ನಡವಳಿಕೆಯನ್ನು ಎದುರಿಸುವುದು, ಹಠಾತ್ ಗಾಬರಿ, ನಿದ್ದೆ ಮುಂತಾದವು ಪಾಠದ ವಿಷಯಗಳು.

ವಿಷಯಗಳಿಗಿಂತ ನನ್ನ ಗಮನ ಸೆಳೆದದ್ದು ಆ ತರಗತಿಯ ಒಂದು ನಿಯಮ. ಅಲ್ಲಿ ಯಾರೂ ತಮ್ಮ ಕಷ್ಟವನ್ನು ಹೇಳಿಕೊಳ್ಳಬೇಕಾಗಿಲ್ಲ. ವೃತ್ತಾಕಾರವಾಗಿ ಕುರ್ಚಿ ಹಾಕಿ ‘ನಿಮ್ಮ ಬಗ್ಗೆ ಹೇಳಿ’ ಎನ್ನುವ ಪದ್ಧತಿಯೇ ಇಲ್ಲ. ಬರುವವರು ವಿದ್ಯಾರ್ಥಿಗಳಂತೆ ಸಾಲಾಗಿ ಕೂತು ಕೇಳುತ್ತಾರೆ, ಅಭ್ಯಾಸ ಮಾಡುತ್ತಾರೆ, ಕೊಟ್ಟ ಪುಸ್ತಿಕೆ ತೆಗೆದುಕೊಂಡು ಮನೆಗೆ ಹೋಗುತ್ತಾರೆ. ಜೊತೆಗೆ ಗೆಳೆಯರನ್ನೋ ಮನೆಯವರನ್ನೋ ಕರೆತರಲೂ ಅಡ್ಡಿಯಿಲ್ಲ, ಹಾಗಾಗಿ ಪಕ್ಕದವರಲ್ಲಿ ಯಾರು ತಮಗಾಗಿ ಬಂದವರು, ಯಾರು ಇನ್ನೊಬ್ಬರ ಜೊತೆಗೆ ಬಂದವರು ಎಂಬುದೂ ಗೊತ್ತಾಗುವುದಿಲ್ಲ. ನಮ್ಮ ಊರುಗಳ ಮಟ್ಟಿಗೆ ಈ ನಿಯಮದ ಬೆಲೆ ಬಹಳ ದೊಡ್ಡದು. ಮನೆಯ ಮಾತು ಹೊಸ್ತಿಲು ದಾಟಬಾರದೆಂದು ಬೆಳೆದ ಹೆಣ್ಣುಮಗಳು, ವಾರಗಿತ್ತಿಯೋ ನಾದಿನಿಯ ಗೆಳತಿಯೋ ಕೂತಿರುವ ಸಂಘದ ಸಭೆಯಲ್ಲಿ ತನ್ನ ಸಂಕಟವನ್ನು ಬಿಚ್ಚಿಡಬೇಕೆಂದು ಬಯಸುವುದು ಸರಿಯಲ್ಲ. ಅಂದು ಹೇಳಿದ್ದು ನಾಳೆ ನಲ್ಲಿಯ ಹತ್ತಿರ ಮಾತಾಗುತ್ತದೆ ಎಂಬ ಅವಳ ಭಯಕ್ಕೆ ಆಧಾರವಿದೆ. ಗುಂಪಿನಲ್ಲಿ ಹೇಳಿಕೊಂಡರೆ ಮನಸ್ಸು ಹಗುರವಾಗುತ್ತದೆಂದು ನಂಬಿರುವ ನಮ್ಮ ಅನೇಕ ಕಾರ್ಯಕರ್ತರು ಈ ವಿಷಯದಲ್ಲಿ ತುಸು ಎಚ್ಚರ ವಹಿಸಬೇಕು. ಹೇಳಿಕೊಳ್ಳುವ ಅವಕಾಶ ಇರಲಿ. ಅದು ತರಗತಿಯ ಹೊರಗೆ, ಒಬ್ಬರ ಬಳಿ, ಕೇಳಿದವರಿಗೆ ಮಾತ್ರ ಇರಲಿ.

ಎರಡನೆಯ ಉದಾಹರಣೆ ಉಗಾಂಡದ ಉತ್ತರ ಭಾಗದ ರೈನೋ ಕ್ಯಾಂಪ್ ಎಂಬ ನಿರಾಶ್ರಿತರ ನೆಲೆಯದು. ದಕ್ಷಿಣ ಸುಡಾನಿನ ಅಂತರ್ಯುದ್ಧದಿಂದ ಓಡಿಬಂದ ಹೆಂಗಸರು ಅಲ್ಲಿದ್ದರು. ಮನೆ, ಹೊಲ, ಬಂಧುಗಳನ್ನು ಕಳೆದುಕೊಂಡವರು. ಹಲವರಿಗೆ ಓದು ಬರಹ ಬಾರದು. ಸುತ್ತಮುತ್ತ ಮನಶ್ಶಾಸ್ತ್ರಜ್ಞರೆನ್ನುವವರು ಇಲ್ಲವೆನ್ನುವಷ್ಟು ಕಡಿಮೆ. ಇಂಥ ಕಡೆಗೆಂದೇ ವಿಶ್ವ ಆರೋಗ್ಯ ಸಂಸ್ಥೆಯು ‘ಸೆಲ್ಫ್ ಹೆಲ್ಪ್ ಪ್ಲಸ್’ ಎಂಬ ಕಲಿಕಾಕ್ರಮವನ್ನು ಸಿದ್ಧಪಡಿಸಿತ್ತು. ವಾರಕ್ಕೊಂದು, ಎರಡು ಗಂಟೆಯ ಅವಧಿಯ, ಒಟ್ಟು ಐದು ತರಗತಿಗಳು. ಪಾಠ ಮಾಡುವುದು ಮನುಷ್ಯರಲ್ಲ, ಮೊದಲೇ ಧ್ವನಿಮುದ್ರಿಸಿದ ಕಂಠ. ಅದೂ ಅಲ್ಲಿನವರ ನುಡಿಯಾದ ಜುಬಾ ಅರಬ್ಬಿಯಲ್ಲಿ. ಕೆಲವು ದಿನಗಳ ತರಬೇತಿ ಪಡೆದ, ಮನಶ್ಶಾಸ್ತ್ರ ಓದದ ಹೆಂಗಸರು ಜೊತೆಗಿದ್ದು, ಧ್ವನಿಯನ್ನು ಹಾಕಿ ನಿಲ್ಲಿಸಿ, ಅಭ್ಯಾಸ ಮಾಡಿಸಿ, ಚರ್ಚೆಗೆ ಜಾಗ ಮಾಡಿಕೊಡುತ್ತಾರೆ. ಮನೆಗೆ ಒಯ್ಯಲು ಹೆಚ್ಚಿನ ಅಕ್ಷರಗಳಿಲ್ಲದ ಚಿತ್ರಪುಸ್ತಕವಿರುತ್ತದೆ.

ಇದರ ಫಲಿತಾಂಶ 2020ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 14 ಹಳ್ಳಿಗಳ 694 ಹೆಂಗಸರು ಅದರಲ್ಲಿ ಭಾಗಿಗಳಾಗಿದ್ದರು. ಅರ್ಧದಷ್ಟು ಹಳ್ಳಿಗಳಲ್ಲಿ ಐದು ವಾರದ ತರಗತಿ ನಡೆಯಿತು. ಉಳಿದ ಹಳ್ಳಿಗಳ ಹೆಂಗಸರಿಗೆ ಆರೋಗ್ಯ ಕಾರ್ಯಕರ್ತರು ಸುಮಾರು ಅರ್ಧ ಗಂಟೆ ತಿಳಿವಳಿಕೆ ಹೇಳಿ, ಎಲ್ಲಿ ನೆರವು ಸಿಗುತ್ತದೆಂದು ತಿಳಿಸಿದರು. ಅಂದರೆ, ಗಮನಿಸಿ, ಆ ಹೋಲಿಕೆ ನಡೆದದ್ದು ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವ ಜಾಗೃತಿ ಭಾಷಣಕ್ಕೂ ಕ್ರಮಬದ್ಧವಾದ ತರಗತಿಗೂ ನಡುವೆ. ಮೂರು ತಿಂಗಳ ನಂತರ ನೋಡಿದಾಗ ತರಗತಿಗೆ ಬಂದವರ ಮನೋಯಾತನೆ ಹೆಚ್ಚು ಇಳಿದಿತ್ತು. ಆದರೆ ತರಗತಿ ಮುಗಿದ ಕೂಡಲೇ ಕಂಡಿದ್ದ ಲಾಭ ಮೂರು ತಿಂಗಳ ಹೊತ್ತಿಗೆ ಸ್ವಲ್ಪ ಕರಗಿತ್ತು ಎಂಬುದನ್ನೂ ಹೇಳಬೇಕು. ಇದೇ ಕ್ರಮವನ್ನು ಟರ್ಕಿಯಲ್ಲಿ 642 ಸಿರಿಯನ್ ನಿರಾಶ್ರಿತರ ನಡುವೆ ಪರೀಕ್ಷಿಸಿದಾಗ, ಆರು ತಿಂಗಳ ಬಳಿಕ ಮಾನಸಿಕ ಅಸ್ವಸ್ಥತೆಗೆ ಒಳಗಾದವರು ತರಗತಿಗೆ ಬಂದವರಲ್ಲಿ ಶೇ. 22ರಷ್ಟು, ಬಾರದವರಲ್ಲಿ ಶೇ. 41ರಷ್ಟು ಇದ್ದರು. ಪಶ್ಚಿಮ ಯುರೋಪಿನ ದೇಶಗಳಲ್ಲಿ ನಡೆದ ಪರೀಕ್ಷೆಯಲ್ಲಿ ಮಾತ್ರ ತರಗತಿ ಮುಗಿದಾಗ ಕಂಡ ಲಾಭ ಆರು ತಿಂಗಳಿಗೆ ಉಳಿಯಲಿಲ್ಲ. ಐದು ವಾರದಲ್ಲಿ ಕಲಿತದ್ದು ತಾನಾಗಿಯೇ ಬಾಳಿನುದ್ದಕ್ಕೂ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತರಗತಿ ಮುಗಿದ ಮೇಲೂ ತಿಂಗಳಿಗೊಮ್ಮೆಯಾದರೂ ಕೂತು ಅಭ್ಯಾಸವನ್ನು ಮೆಲುಕು ಹಾಕುವ ಏರ್ಪಾಡು ಬೇಕು. ಪ್ರತಿವಾರ ತಪ್ಪದೆ ಸೇರುವ, ಉಳಿತಾಯ ಕಟ್ಟುವ ಸಂಘಗಳು ಊರೂರಿನಲ್ಲಿ ಇರುವ ನಮ್ಮ ರಾಜ್ಯಕ್ಕೆ ಇದು ಕಷ್ಟದ ಮಾತಾಗಬಾರದು.

ಧ್ವನಿಮುದ್ರಿತ ಪಾಠವೆಂದಾಗ ಕೆಲವರಿಗೆ ಅದು ನೀರಸವೆನಿಸಬಹುದು. ನಾನು ಅದರ ಪರವಾಗಿದ್ದೇನೆ. ತರಬೇತಿ ಪಡೆದವರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಕಲಿಸುತ್ತ ಹೋದಂತೆ ಪಾಠ ಮೂರನೆಯ ಕೈಗೆ ಬರುವಷ್ಟರಲ್ಲಿ ಉಪದೇಶವಾಗಿ ಬದಲಾಗಿರುತ್ತದೆ: ‘ಸಿಟ್ಟು ಮಾಡಿಕೊಳ್ಳಬಾರದು’, ‘ಹೊಂದಿಕೊಂಡು ಹೋಗಬೇಕು’, ‘ದೇವರ ಮೇಲೆ ಭಾರ ಹಾಕಿ’. ಧ್ವನಿಮುದ್ರಣವು ಪಾಠವನ್ನು ಪಾಠವಾಗಿಯೇ ಉಳಿಸುತ್ತದೆ, ಜೊತೆಗೆ ನಡೆಸಿಕೊಡುವವರ ಮೇಲಿನ ಹೊರೆಯನ್ನೂ ಇಳಿಸುತ್ತದೆ. ಇದಕ್ಕೆ ನಮ್ಮಲ್ಲಿ ಒಂದು ಪೂರ್ವಪರಂಪರೆಯೇ ಇದೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2000ರ ದಶಕದ ಆರಂಭದಲ್ಲಿ ನಡೆದ ‘ನಮ್ಮ ಧ್ವನಿ’ ಪ್ರಯೋಗವು, ಸಮುದಾಯಕ್ಕೆ ಬಾನುಲಿ ಪರವಾನಗಿ ಸಿಗದಿದ್ದ ಆ ಕಾಲದಲ್ಲಿ, ಊರಿನವರೇ ತಯಾರಿಸಿದ ಧ್ವನಿ ಕಾರ್ಯಕ್ರಮಗಳನ್ನು ಸ್ವಸಹಾಯ ಸಂಘಗಳ ಸಭೆಗಳಲ್ಲಿ ಕೇಳಿಸಿ ಚರ್ಚೆಗೆ ಹಚ್ಚುತ್ತಿತ್ತು. ಒತ್ತಡ ನಿಭಾಯಿಸುವ ಪಾಠವನ್ನೂ ಹಾಗೆಯೇ ಕಲಬುರಗಿಯ ಕನ್ನಡದಲ್ಲಿ ಒಂದು, ಮಂಡ್ಯದ ಕನ್ನಡದಲ್ಲಿ ಇನ್ನೊಂದು, ತುಳುವಿನಲ್ಲಿ, ದಖನಿ ಉರ್ದುವಿನಲ್ಲಿ, ಲಂಬಾಣಿಯಲ್ಲಿ ಬೇರೆಬೇರೆಯಾಗಿ ಮುದ್ರಿಸಬೇಕು. ಸರ್ಕಾರಿ ಸುತ್ತೋಲೆಯ ಕನ್ನಡದಲ್ಲಿ ಉಸಿರಾಟ ಕಲಿಸಲು ಹೊರಟರೆ ಕೇಳುವವರು ಇನ್ನಷ್ಟು ಬಿಗಿಯಾಗುತ್ತಾರೆ.

ಇನ್ನು ತರಗತಿಯಲ್ಲಿ ಏನನ್ನು ಕಲಿಸಬೇಕು ಎಂಬುದು.

ಒತ್ತಡ ಮೊದಲು ದೇಹದಲ್ಲಿ ಕಾಣಿಸಿಕೊಳ್ಳುವುದರಿಂದ ಪಾಠವೂ ಅಲ್ಲಿಂದಲೇ ಶುರುವಾಗುವುದು ವಾಡಿಕೆ. ಅಪಾಯ ಎದುರಾದಾಗ ದೇಹವು ಹೋರಾಡಲು ಅಥವಾ ಓಡಲು ಸಜ್ಜಾಗುತ್ತದೆಂದು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 20ನೇ ಶತಮಾನದ ಆರಂಭದಲ್ಲಿ ವಿವರಿಸಿದರು. ಆ ಸನ್ನದ್ಧ ಸ್ಥಿತಿ ಬಹುಕಾಲ ಇಳಿಯದಿದ್ದರೆ ದೇಹ ಹೇಗೆ ಸವೆಯುತ್ತದೆಂಬುದರ ಬಗ್ಗೆ ಒತ್ತಡದ ಸಂಶೋಧಕ ಹಾನ್ಸ್ ಸೆಲ್ಯೆ 1936ರಿಂದ ಬರೆಯುತ್ತ ಬಂದರು. ಹೃದಯದ ಬಡಿತವನ್ನು ನಾವು ಬೇಕೆಂದಾಗ ಇಳಿಸಲಾರೆವು, ಬೆವರನ್ನು ನಿಲ್ಲಿಸಲಾರೆವು. ನಮ್ಮ ಮಾತು ಕೇಳುವುದು ಉಸಿರು. ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಟ್ಟಾಗ ಮಿದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ನರದ ಮೂಲಕ ಹೃದಯದ ಬಡಿತ ತಗ್ಗುತ್ತದೆ. ಇಷ್ಟನ್ನು ಹೇಳಿ, ಐದು ನಿಮಿಷ ಮಾಡಿಸಿ, ದಿನಕ್ಕೆ ಎರಡು ಹೊತ್ತು ಅಭ್ಯಾಸ ಮಾಡಲು ಹೇಳಿದರೆ ಮೊದಲ ದಿನಕ್ಕೆ ಸಾಕು. ‘ಇದು ಪ್ರಾಣಾಯಾಮವೇ ಅಲ್ಲವೇ’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಸಂಬಂಧ ಇದೆ, ಆದರೆ ಮೂಗು ಮುಚ್ಚುವ, ಉಸಿರು ಕಟ್ಟುವ ಕ್ರಮಗಳನ್ನು ಇಲ್ಲಿ ತರುವ ಅಗತ್ಯವಿಲ್ಲ. ರಕ್ತದೊತ್ತಡದವರೂ ಬಸುರಿಯರೂ ಬೇರೆ ಬೇರೆ ಮತದವರೂ ಇರುವ ತರಗತಿಯಲ್ಲಿ ಸರಳವಾದದ್ದೇ ಎಲ್ಲರಿಗೂ ಒಗ್ಗುತ್ತದೆ.

ಇಲ್ಲಿಗೇ ನಿಂತುಬಿಡುವ ತರಗತಿಗಳು ಬಹಳ. ಉಸಿರಾಟ ಕಲಿಸಿದರೆ ಒತ್ತಡ ನಿರ್ವಹಣೆ ಕಲಿಸಿದಂತೆಯೇ ಎಂಬ ಭಾವನೆ ನಗರದ ಕಚೇರಿಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಒತ್ತಡವನ್ನು ಎದುರಿಸುವುದರಲ್ಲಿ ಎರಡು ಬಗೆ ಇವೆಯೆಂದು ಮನಶ್ಶಾಸ್ತ್ರಜ್ಞರಾದ ಲಜಾರಸ್ ಮತ್ತು ಫೋಕ್‌ಮನ್ 1984ರಲ್ಲಿ ವಿಂಗಡಿಸಿದ್ದರು: ಒತ್ತಡಕ್ಕೆ ಕಾರಣವಾದ ಸಮಸ್ಯೆಯನ್ನೇ ಬಗೆಹರಿಸುವುದು ಒಂದು, ಅದರಿಂದ ಎದ್ದ ಭಾವನೆಯನ್ನು ಸಂಭಾಳಿಸುವುದು ಇನ್ನೊಂದು. ಉಸಿರಾಟ ಎರಡನೆಯದಕ್ಕೆ ಸೇರಿದ್ದು. ವಿಶ್ವ ಆರೋಗ್ಯ ಸಂಸ್ಥೆಯ ಮತ್ತೊಂದು ಕ್ರಮವಾದ ‘ಪ್ರಾಬ್ಲಮ್ ಮ್ಯಾನೇಜ್‌ಮೆಂಟ್ ಪ್ಲಸ್’ ಮೊದಲನೆಯದಕ್ಕೂ ಅಷ್ಟೇ ಬೆಲೆ ಕೊಡುತ್ತದೆ. ಪಾಕಿಸ್ತಾನದ ಪೇಶಾವರದಲ್ಲಿ ಇದನ್ನು ಪರೀಕ್ಷಿಸಿ, ಫಲ ಕೊಟ್ಟದ್ದನ್ನು 2016ರಲ್ಲಿ ಪ್ರಕಟಿಸಲಾಯಿತು. ಅಲ್ಲಿ ಕಲಿಸುವ ಒಂದು ಅಭ್ಯಾಸವನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಅದೇ ಎಂದು ನನಗನಿಸಿದೆ.

ಮನಸ್ಸಿನಲ್ಲಿರುವ ಚಿಂತೆಗಳನ್ನೆಲ್ಲ ಮೊದಲು ಒಂದೊಂದಾಗಿ ಹೊರಗೆ ತೆಗೆಯಬೇಕು. ಬರೆಯಲು ಬಾರದವರು ಒಂದೊಂದಕ್ಕೆ ಒಂದೊಂದು ಕಲ್ಲನ್ನೋ ಹುಣಸೆಬೀಜವನ್ನೋ ಇಡಬಹುದು. ಬಳಿಕ ಅವನ್ನು ಮೂರು ಗುಂಪು ಮಾಡಬೇಕು: ನಮ್ಮಿಂದ ಏನಾದರೂ ಮಾಡಲು ಸಾಧ್ಯವಿರುವವು, ನಮ್ಮ ಕೈಯಲ್ಲಿ ಏನೂ ಇಲ್ಲದವು, ಅಷ್ಟೇನೂ ಮುಖ್ಯವಲ್ಲದವು. ಮೊದಲ ಗುಂಪಿನಿಂದ ಒಂದನ್ನು ಮಾತ್ರ, ಅದರಲ್ಲೂ ತುಸು ಸುಲಭವಾದದ್ದನ್ನು, ಆರಿಸಿಕೊಂಡು ಅದಕ್ಕೆ ಹೊಳೆದ ಉಪಾಯಗಳನ್ನೆಲ್ಲ, ಹುಚ್ಚು ಉಪಾಯಗಳನ್ನೂ ಸೇರಿಸಿ, ಹೇಳಬೇಕು; ಅವುಗಳಲ್ಲಿ ಒಂದನ್ನು ಹಿಡಿದು, ಯಾವ ದಿನ, ಯಾರ ಬಳಿ ಹೋಗಿ, ಏನು ಮಾಡುವುದೆಂದು ನಿಗದಿ ಮಾಡಿಕೊಂಡು ಏಳಬೇಕು. ಮುಂದಿನ ವಾರ ಬಂದಾಗ ಅದು ಆಯಿತೇ ಇಲ್ಲವೇ ಎಂದಷ್ಟೇ ವಿಚಾರಿಸಬೇಕು.

ಕಿರುಸಾಲದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಒಂದು ಕಂಪನಿಯ ಕಂತು ಕಟ್ಟಲು ಇನ್ನೊಂದರಲ್ಲಿ ಸಾಲ ಮಾಡಿ, ವಸೂಲಿಗೆ ಬಂದವರು ಬಾಗಿಲಲ್ಲಿ ಕೂತಾಗ ಹಿತ್ತಲಿನಿಂದ ಹೊರಗೆ ಹೋಗುವ ಹೆಂಗಸಿಗೆ ‘ದೀರ್ಘವಾಗಿ ಉಸಿರಾಡು’ ಎಂದು ಹೇಳುವುದು ಅಪಹಾಸ್ಯವಾಗುತ್ತದೆ. ಅವಳ ‘ಟೆನ್ಶನ್’ ಅನ್ನು ಬಿಡಿಸಿ ನೋಡಿದರೆ ಹಲವು ಬೇರೆಬೇರೆ ಎಳೆಗಳಿರುತ್ತವೆ: ಒಟ್ಟು ಎಷ್ಟು ಸಾಲವಿದೆಯೆಂದು ಅವಳಿಗೇ ಸರಿಯಾಗಿ ಗೊತ್ತಿಲ್ಲ, ಗಂಡನಿಗೆ ಒಂದು ಸಾಲದ ಸುದ್ದಿ ತಿಳಿದಿಲ್ಲ, ವಸೂಲಿಯವನು ಬೀದಿಯಲ್ಲಿ ನಿಂತು ಕೂಗುತ್ತಾನೆ, ಸಂಘದ ಉಳಿದವರ ಮುಂದೆ ಮುಖ ತೋರಿಸಲಾಗುತ್ತಿಲ್ಲ. ಮೊತ್ತವನ್ನು ಲೆಕ್ಕ ಹಾಕುವುದು ಈ ವಾರವೇ ಆಗುವ ಕೆಲಸ. ಕೂಗಾಟವನ್ನು ತಡೆಯುವುದಕ್ಕೆ ಕಾನೂನಿದೆ: ವಸೂಲಿಯ ಕಿರುಕುಳದಿಂದ ಆತ್ಮಹತ್ಯೆಗಳಾಗುತ್ತಿವೆ ಎಂಬ ವರದಿಗಳ ಬೆನ್ನಲ್ಲೇ ರಾಜ್ಯ ಸರ್ಕಾರವು ಬಲವಂತದ ವಸೂಲಿಯನ್ನು ತಡೆಯಲು 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೂ ಬಳಿಕ ಕಾಯ್ದೆಯನ್ನೂ ತಂದಿತು. ಆದ್ದರಿಂದ ತರಗತಿಯನ್ನು ನಡೆಸುವವರ ಕೈಯಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯ ವಿಳಾಸ ಇರಲೇಬೇಕು. ಅಲ್ಲಿ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಒತ್ತಡದ ಪಾಠದಲ್ಲಿ ಕಾನೂನು ಏಕೆ ಎಂದು ಕೇಳುವವರು ಒತ್ತಡ ಎಲ್ಲಿಂದ ಬರುತ್ತದೆಂದು ಯೋಚಿಸಿಲ್ಲ.

ಇನ್ನೊಂದು ಕೌಶಲವನ್ನು ಚುಟುಕಾಗಿ ಹೇಳುತ್ತೇನೆ. ಮನಸ್ಸು ಕುಗ್ಗಿದವರು ಮೊದಲು ಬಿಡುವುದು ತಮಗೆ ಹಿತ ಕೊಡುತ್ತಿದ್ದ ಕೆಲಸಗಳನ್ನು: ಹೂ ಕಟ್ಟುವುದು, ಭಜನೆಗೆ ಹೋಗುವುದು, ಸಂತೆಗೆ ಹೋಗಿ ನಾಲ್ಕು ಜನರೊಡನೆ ಮಾತಾಡುವುದು. ಬಿಟ್ಟಷ್ಟೂ ಕುಗ್ಗುತ್ತಾರೆ. ಮನಸ್ಸು ಬರಲಿ, ಆಮೇಲೆ ಮಾಡೋಣ ಎಂದು ಕಾಯದೆ, ಒಂದು ಸಣ್ಣ ಕೆಲಸವನ್ನು ಮತ್ತೆ ಶುರುಮಾಡಿಸುವುದು ಈ ಪಾಠದ ತಿರುಳು. ಗೋವಾದ ಸಂಗಾತ್ ಸಂಸ್ಥೆಯು ಇದನ್ನೇ ಆಧಾರವಾಗಿ ಇಟ್ಟುಕೊಂಡು, ವೃತ್ತಿಪರರಲ್ಲದ ಸಲಹೆಗಾರರ ಮೂಲಕ ಖಿನ್ನತೆ ಇದ್ದವರಿಗೆ ನೀಡಿದ ನೆರವು ಫಲಕಾರಿಯಾದದ್ದನ್ನು 2017ರಲ್ಲಿ ವರದಿ ಮಾಡಿತು. ಅದು ಒಬ್ಬೊಬ್ಬರೊಂದಿಗೆ ನಡೆಸಿದ ಮಾತುಕತೆಯೇ ಹೊರತು ತರಗತಿಯಲ್ಲ. ಆದರೂ ಪಕ್ಕದ ಮನೆಯಂಥ ಊರಿನ ಸಾಮಾನ್ಯ ಜನ, ಸರಿಯಾದ ತರಬೇತಿ ಮತ್ತು ಮೇಲ್ವಿಚಾರಣೆ ಇದ್ದರೆ, ಈ ಕೆಲಸವನ್ನು ಮಾಡಬಲ್ಲರು ಎಂಬುದಕ್ಕೆ ಅದೊಂದು ಗಟ್ಟಿ ಸಾಕ್ಷಿ.

ನಮ್ಮ ರಾಜ್ಯದಲ್ಲಿ ಇದನ್ನು ಎಲ್ಲಿ ನಡೆಸಬಹುದು ಎಂದು ಯೋಚಿಸಿದಾಗ ನನ್ನ ಮನಸ್ಸಿಗೆ ಮೊದಲು ಬರುವುದು ಗ್ರಾಮ ಪಂಚಾಯಿತಿ ಗ್ರಂಥಾಲಯ. ಅಲ್ಲಿಗೆ ಹೋಗುವುದನ್ನು ನೋಡಿ ಯಾರೂ ಏನೂ ಅಂದುಕೊಳ್ಳುವುದಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಕಾಯಿಲೆಗಳಿಗಾಗಿ ನಡೆಯುವ ಮನೋಚೈತನ್ಯ ಶಿಬಿರ ರೋಗಿಗಳಿಗೆ ಬೇಕಾದ ಜಾಗ, ಅದು ಬೇರೆ. ರಾಮನಗರ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಖಿನ್ನತೆ ಅಥವಾ ಆತಂಕದ ಜೊತೆಗೆ ಮಧುಮೇಹ, ರಕ್ತದೊತ್ತಡವೂ ಇದ್ದವರಿಗಾಗಿ ಚಿಕಿತ್ಸೆಯ ಜೊತೆಗೆ ಆರೋಗ್ಯಕರ ಜೀವನದ ಗುಂಪು ತರಗತಿಗಳನ್ನೂ ಸೇರಿಸಿ ನೋಡಿದ್ದಾರೆ. ಸಕ್ಕರೆ ಕಾಯಿಲೆಯ ಹೆಸರಿನಲ್ಲಿ ಬಂದವರು ಮನಸ್ಸಿನ ವಿಷಯವನ್ನೂ ಕಲಿತು ಹೋಗುತ್ತಾರೆ. ಈ ಜಾಣ್ಮೆಯಿಂದ ನಾವು ಕಲಿಯುವುದಿದೆ.

ಹೊತ್ತಿನ ವಿಚಾರ. ಅಧಿಕಾರಿಗಳಿಗೆ ಅನುಕೂಲವಾಗುವ ಬೆಳಗಿನ ಹನ್ನೊಂದು ಗಂಟೆಗೆ ಕೂಲಿಗೆ ಹೋದವರು ಬರುವುದಿಲ್ಲ. ಸಂಜೆ ಏಳಕ್ಕೆ ಹೆಂಗಸರಿಗೆ ಒಲೆಯ ಕೆಲಸ. ಸಂಘದ ವಾರದ ಸಭೆಯ ದಿನ, ಆ ಸಭೆ ಮುಗಿದ ಬೆನ್ನಿಗೇ ನಡೆಸುವುದು ನನಗೆ ತಿಳಿದ ಮಟ್ಟಿಗೆ ಉತ್ತಮ. ಗಂಡಸರ ಪ್ರಶ್ನೆ ಇದಕ್ಕಿಂತ ಕಠಿಣ. ರೈನೋ ಕ್ಯಾಂಪಿನ ಪರೀಕ್ಷೆಯೂ ಹೆಂಗಸರಿಗಷ್ಟೇ ಸೀಮಿತವಾಗಿತ್ತು ಎಂಬುದನ್ನು ನೆನಪಿಡೋಣ. ‘ಒತ್ತಡ’ ಎಂಬ ಫಲಕ ಹಾಕಿದ ಕೋಣೆಗೆ ನಮ್ಮ ಗಂಡಸರು ಬರಲಾರರು. ‘ನಿದ್ದೆ ಮತ್ತು ರಕ್ತದೊತ್ತಡ’ ಎಂದರೆ ಕೆಲವರಾದರೂ ಬಂದಾರು. ಹಾಲಿನ ಡೈರಿಯ ಸಭೆ, ಆಟೊ ನಿಲ್ದಾಣದ ಸಂಘ, ಪೌರಕಾರ್ಮಿಕರು ಬೆಳಗಿನ ಕೆಲಸ ಮುಗಿಸಿ ಸೇರುವ ಜಾಗ, ಹೀಗೆ ಅವರು ಈಗಾಗಲೇ ಇರುವ ಕಡೆಗೇ ನಾವು ಹೋಗಬೇಕಾಗುತ್ತದೆ.

ಉದ್ಯೋಗದ ಸ್ಥಳಗಳಲ್ಲಿ ನಡೆಯುವ ಇಂಥ ತರಗತಿಗಳ ಬಗ್ಗೆ ನನಗೆ ಅನುಮಾನವಿದೆ. ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು; ಅವರ ದಿನವನ್ನು ಆಳುವುದು ಗಂಟೆಗಿಷ್ಟು ತುಣುಕು ಎಂಬ ‘ಟಾರ್ಗೆಟ್’. ಟಾರ್ಗೆಟ್ ಏರಿಸುವವರೇ ಊಟದ ವಿರಾಮವನ್ನು ಹದಿನೈದು ನಿಮಿಷ ಕತ್ತರಿಸಿ ಧ್ಯಾನ ಮಾಡಿಸಿದರೆ, ಕಲಿಯುವವರಿಗೆ ತಿಳಿಯುವ ಪಾಠವೆಂದರೆ ತಪ್ಪು ತಮ್ಮ ಮನಸ್ಸಿನದೇ ಎಂಬುದು. ಶೌಚಕ್ಕೆ ಹೋಗಲು ಬಿಡುವು, ಮೇಸ್ತ್ರಿಯ ಬೈಗುಳಕ್ಕೆ ಕಡಿವಾಣ, ಸಮಯಕ್ಕೆ ಸರಿಯಾಗಿ ಬಸ್ಸು, ಇವು ಸಿಕ್ಕ ಮೇಲೂ ಉಳಿಯುವ ಒತ್ತಡಕ್ಕೆ ತರಗತಿ ಬೇಕು. ಇವುಗಳ ಬದಲಿಗೆ ತರಗತಿ ಬಂದರೆ ಅದನ್ನು ನಡೆಸಿಕೊಡಲು ನೀವು ಒಪ್ಪಬೇಡಿ ಎನ್ನುವಷ್ಟರ ಮಟ್ಟಿಗೆ ನನ್ನ ಅಭಿಪ್ರಾಯ ಖಚಿತವಾಗಿದೆ.

ತರಗತಿಯಿಂದ ಪ್ರಯೋಜನವಾಯಿತೇ ಎಂದು ಅಳೆಯುವಾಗಲೂ ಎಚ್ಚರ ಬೇಕು. ಕೊನೆಯ ದಿನ ‘ಹೇಗಿತ್ತು’ ಎಂದು ಕೇಳಿದರೆ ‘ಚೆನ್ನಾಗಿತ್ತು ಮೇಡಂ’ ಎನ್ನುವುದು ನಮ್ಮವರ ಸೌಜನ್ಯ. ‘ಕಳೆದ ವಾರ ಯಾವ ಅಭ್ಯಾಸವನ್ನು ಎಷ್ಟು ದಿನ ಮಾಡಿದಿರಿ, ಯಾವಾಗ ಮಾಡಲಾಗಲಿಲ್ಲ’ ಎಂದು ಕೇಳಿ; ಇದನ್ನೇ ಎರಡು ತಿಂಗಳಾದ ಮೇಲೆ ಮತ್ತೊಮ್ಮೆ ಕೇಳಿ. ಎರಡನೆಯ ತರಗತಿಗೇ ಬರುವುದನ್ನು ನಿಲ್ಲಿಸಿದವರ ಮನೆಗೆ ಒಬ್ಬರು ಹೋಗಿ ವಿಚಾರಿಸಿಕೊಂಡು ಬರುವುದು ಎಲ್ಲ ಪ್ರಶ್ನಾವಳಿಗಳಿಗಿಂತ ಹೆಚ್ಚನ್ನು ತಿಳಿಸುತ್ತದೆ.

ಉಪನ್ಯಾಸದ ಬಳಿಕ ಸಭಿಕರೊಬ್ಬರು ಕೇಳಿದ ಪ್ರಶ್ನೆ ಮುಖ್ಯವಾದ್ದರಿಂದ ಅದರ ಉತ್ತರವನ್ನೂ ಇಲ್ಲಿ ಸೇರಿಸಿದ್ದೇನೆ. ಗಂಡ ಕುಡಿದು ಬಂದು ಹೊಡೆಯುವ ಮನೆಯ ಹೆಂಗಸು ತರಗತಿಗೆ ಬಂದರೆ ಅವಳಿಗೆ ಏನು ಕಲಿಸುತ್ತೀರಿ ಎಂಬುದು ಆ ಪ್ರಶ್ನೆ. ಸಹಿಸಿಕೊಳ್ಳುವುದನ್ನಂತೂ ಕಲಿಸಕೂಡದು. ಹೊಡೆತ ಅವಳು ನಿಭಾಯಿಸಬೇಕಾದ ಒತ್ತಡವಲ್ಲ, ಅದು ಅಪರಾಧ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ರಕ್ಷಣಾಧಿಕಾರಿಗಳೂ ಆಗಿದ್ದಾರೆ. ಮಹಿಳಾ ಸಹಾಯವಾಣಿ 181 ಇದೆ. ಹಾಗೆಯೇ ಸಾಯುವ ಮಾತಾಡುವವರು, ವಾರಗಟ್ಟಲೆ ಊಟ ನಿದ್ದೆ ಬಿಟ್ಟವರು, ಯಾರೂ ಇಲ್ಲದೆಡೆ ದನಿ ಕೇಳಿಸುತ್ತದೆ ಎನ್ನುವವರು, ಕುಡಿತದಿಂದ ಹೊರಬರಲಾಗದವರು ಕಂಡರೆ ಅವರನ್ನು ತರಗತಿಯಲ್ಲೇ ಉಳಿಸಿಕೊಂಡು ಸಮಯ ಕಳೆಯಬಾರದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಬೇಕು. ದಿನದ 24 ಗಂಟೆಯೂ ಉಚಿತವಾಗಿ ಮಾತನಾಡಬಹುದಾದ ಟೆಲಿ ಮಾನಸ್ ಸಹಾಯವಾಣಿ 14416, 2022ರ ಅಕ್ಟೋಬರ್‌ನಿಂದ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಲಭ್ಯವಿದೆ. ಈ ಸಂಖ್ಯೆಗಳನ್ನು ಎಲ್ಲರ ಪುಸ್ತಿಕೆಯಲ್ಲೂ ಅಚ್ಚು ಹಾಕಿಸಿ, ಮೊದಲ ದಿನವೇ ಎಲ್ಲರ ಕೈಗೂ ಕೊಡಿ. ಯಾರಿಗೆ ಅದು ಬೇಕೆಂದು ಆ ದಿನ ನಿಮಗೆ ತಿಳಿದಿರುವುದಿಲ್ಲ, ಬೇಕಾದವರು ಎರಡನೆಯ ತರಗತಿಗೆ ಬರದೆಯೂ ಇರಬಹುದು.